ಉಪ್ಪು ಸ್ವಲ್ಪ ಮುಂದಾಯಿತು

ನಾನು ಬಿ.ಎಡ್. ಕಾಲೇಜಿನಲ್ಲಿ ಕನ್ನಡ ಬೋಧನಾ ವಿಧಾನದ ಮೇಷ್ಟ್ರು. ಅಂದರೆ ಪಾಠ ಮಾಡುವುದು ಹೇಗೆಂದು ಪಾಠ ಮಾಡುವವನು. ಈಜು ಬಾರದವನು ದಡದ ಮೇಲೆ ನಿಂತು ಕೈಕಾಲು ಬಡಿದು ತೋರಿಸುವ ಉದ್ಯೋಗ ಇದು ಎಂಬುದು ನನ್ನವಳ ವ್ಯಾಖ್ಯಾನ. ಅವಳು ಬ್ಯಾಂಕಿನ ಆಡಿಟ್ ವಿಭಾಗದಲ್ಲಿದ್ದಾಳೆ. ಹದಿನೆಂಟು ರೂಪಾಯಿ ತಾಳೆಯಾಗದಿದ್ದರೆ ಮೂರು ದಿನ ನಿದ್ದೆ ಬಿಡುವ ಜಾತಿ.

ಪ್ರತಿ ವರ್ಷ ಇಂಟರ್ನ್‌ಶಿಪ್ ಮುಗಿಯುತ್ತಿದ್ದಂತೆ ನಮ್ಮ ಮನೆಯ ದಿವಾನ್ ಮೇಲೆ ಐವತ್ತು ರಿಫ್ಲೆಕ್ಟಿವ್ ಜರ್ನಲ್‌ಗಳು ಬಂದು ಕೂರುತ್ತವೆ. ಕನ್ನಡ ಮಾಧ್ಯಮದವರ ಬಾಯಲ್ಲಿ ಇದು 'ಪ್ರತಿಫಲನಾತ್ಮಕ ದಿನಚರಿ'. ಹೆಸರು ಹೇಳುವಷ್ಟರಲ್ಲೇ ಅರ್ಧ ಉತ್ಸಾಹ ಇಳಿದುಹೋಗುತ್ತದೆ. 2015ರಲ್ಲಿ ಬಿ.ಎಡ್. ಒಂದು ವರ್ಷದಿಂದ ಎರಡು ವರ್ಷಕ್ಕೆ ಹಿಗ್ಗಿದ ಮೇಲೆ ವಿದ್ಯಾರ್ಥಿಗಳು ಒಟ್ಟು 20 ವಾರ ಶಾಲೆಗಳಲ್ಲಿ ಇರಬೇಕು, ಅದರಲ್ಲಿ 16 ವಾರ ಎರಡನೇ ವರ್ಷದಲ್ಲಿ. ಆ ದಿನಗಳಲ್ಲಿ ತಾವು ಮಾಡಿದ್ದನ್ನು ತಾವೇ ತಿರುಗಿ ನೋಡಿ ಬರೆಯಬೇಕು. ಅವರು ತಿರುಗಿ ನೋಡುತ್ತಾರೆ, ಇಲ್ಲವೆನ್ನುವುದಿಲ್ಲ. ಪಕ್ಕದವರ ಪುಸ್ತಕದ ಕಡೆಗೆ.

ಐವತ್ತು ದಿನಚರಿಯಲ್ಲೂ ಒಂದೇ ಸಾಲು: 'ಇಂದಿನ ಪಾಠದಲ್ಲಿ ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು. ನನಗೆ ತೃಪ್ತಿಯಾಯಿತು.' ಒಬ್ಬರು 'ಉತ್ಸಹ' ಎಂದು ಬರೆದರೆ ಹನ್ನೊಂದು ಜನರ ಮಕ್ಕಳಲ್ಲಿ 'ಉತ್ಸಹ'ವೇ ಉಕ್ಕುತ್ತದೆ. ಹೋದ ಸಲ ಪಿಯುಸಿ ಓದುವ ಮಗಳು ಒಂದು ಪುಸ್ತಕ ತಿರುವುತ್ತಾ, "ಅಪ್ಪಾ, ಈ ತಾರೀಖು ಭಾನುವಾರ ಅಲ್ವಾ?" ಅಂದಳು. ಹೌದು, ಭಾನುವಾರ. ರಜೆ ದಿನವೂ ಮಕ್ಕಳು ಉತ್ಸಾಹದಿಂದ ಭಾಗವಹಿಸಿದ್ದರು. ಹಿಂದಿನ ವರ್ಷದ ಯಾರದೋ ದಿನಚರಿ ತಾರೀಖಿನ ಸಮೇತ ಪುನರ್ಜನ್ಮ ಪಡೆದಿತ್ತು. ನಾನು ಅದರ ಕೆಳಗೂ ಹಸಿರು ಶಾಯಿಯಲ್ಲಿ 'ನೋಡಿದೆ' ಎಂದು ಬರೆದು ಸಹಿ ಹಾಕಿಯಾಗಿತ್ತು.

"ನೋಡಿದೆ ಅಂತ ಬರೆದಿದೀರಿ," ಎಂದಳು ನನ್ನವಳು, "ಏನನ್ನ?"

ಆ ರಾತ್ರಿ ನನಗೆ ಸುಧಾರಣೆಯ ಜ್ವರ ಹತ್ತಿತು. ಊಟಕ್ಕೆ ಕೂತಾಗ ಮನೆಯವರಿಗೆ ತತ್ತ್ವ ಬಡಿಸಿದೆ. ಅಮೆರಿಕದ ಜಾನ್ ಡ್ಯೂಯಿ ಎಂಬ ಮಹಾನುಭಾವ 1910ರಲ್ಲೇ 'ಹೌ ವಿ ಥಿಂಕ್' ಎಂಬ ಪುಸ್ತಕ ಬರೆದು ಈ ಚಿಂತನೆಗೆ ಬುನಾದಿ ಹಾಕಿದ. 1983ರಲ್ಲಿ ಡೊನಾಲ್ಡ್ ಶೋನ್ ಬಂದು, ಕಸುಬುದಾರರು ಎರಡು ಥರ ಯೋಚಿಸುತ್ತಾರೆ ಎಂದ: ಕೆಲಸ ಮಾಡುತ್ತಿರುವಾಗಲೇ ಒಂದು, ಮಾಡಿ ಮುಗಿಸಿದ ಮೇಲೆ ಇನ್ನೊಂದು.

"ಮಾಡೋಕ್ಕೆ ಮುಂಚೆ ಯೋಚನೆ ಮಾಡೋದು ಅವರ ಲಿಸ್ಟಲ್ಲಿ ಇಲ್ವಾ?" ಎಂದಳು ನನ್ನವಳು. "ನಿಮಗೆ ಒಳ್ಳೇ ಗುರುಗಳೇ ಸಿಕ್ಕಿದಾರೆ ಬಿಡಿ."

ನಾನು ಬಿಡಲಿಲ್ಲ. 1988ರಲ್ಲಿ ಇಂಗ್ಲೆಂಡಿನ ಗ್ರಹಾಂ ಗಿಬ್ಸ್ ಆರು ಮೆಟ್ಟಿಲಿನ ಚಕ್ರ ಮಾಡಿಕೊಟ್ಟಿದ್ದಾನೆ ಎಂದು ಹುಳಿಯಲ್ಲಿ ಬೆರಳದ್ದಿ ತಟ್ಟೆಯಂಚಿಗೆ ಬರೆದು ತೋರಿಸಿದೆ. ಏನಾಯಿತು? ಆಗ ಏನನ್ನಿಸಿತು? ಯಾವುದು ನೆಟ್ಟಗಾಯಿತು, ಯಾವುದು ಕೆಟ್ಟಿತು? ಯಾಕೆ ಹಾಗಾಯಿತು? ಬೇರೇನು ಮಾಡಬಹುದಿತ್ತು? ಇನ್ನೊಮ್ಮೆ ಅದೇ ಸಂದರ್ಭ ಬಂದರೆ ಏನು ಮಾಡುತ್ತೀರಿ?

ಅಮ್ಮ ಮಜ್ಜಿಗೆ ಬಡಿಸುತ್ತಾ, "ಇದಕ್ಕೆ ಆರು ಮೆಟ್ಲು ಯಾಕೋ? ನಿಮ್ಮಪ್ಪ ಒಂದೇ ಮಾತಲ್ಲಿ ಕೇಳ್ತಿದ್ರು, 'ಬುದ್ಧಿ ಬಂತಾ?' ಅಂತ" ಎಂದರು.

ಅಮ್ಮನ ಬರವಣಿಗೆ ಎಂದರೆ ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರ್. ಅದರ ಮೊಳೆಗೆ ದಾರ ಕಟ್ಟಿದ ಒಂದು ಪೆನ್ಸಿಲ್ ತುಂಡು ನೇತಾಡುತ್ತದೆ. ಒಂದೊಂದು ತಾರೀಖಿನ ಚೌಕದಲ್ಲೂ 'ಹಾಲು ಒಂದು ಹೆಚ್ಚು', 'ಸಿಲಿಂಡರ್ ಹಚ್ಚಿದ್ದು', 'ಪೇಪರ್ ಇಲ್ಲ' ಎಂದು ಇರುವೆಯಂಥ ಅಕ್ಷರ. ನನ್ನ ಪಾಲಿಗೆ ಅದು ಹಾಲಿನವನ ಲೆಕ್ಕ, ಅಷ್ಟೆ. ಪ್ರತಿಫಲನದ ಮಾತಾಡುವವನು ಅದನ್ನೆಲ್ಲ ಲೆಕ್ಕಕ್ಕೆ ಇಡಲಾದೀತೆ?

ಪುಸ್ತಕದಲ್ಲಿ ಬರೆಸುವುದು ಬೇಡ, ಗೂಗಲ್ ಡಾಕ್ಸ್‌ನಲ್ಲಿ ಬರೆಸೋಣ ಎಂದು ತೀರ್ಮಾನಿಸಿದೆ. ನನ್ನ ವಾದ ಅಷ್ಟೇನೂ ಪೊಳ್ಳಲ್ಲ. ಪುಸ್ತಕ ನನ್ನ ಕೈಗೆ ಬರುವುದು ಇಂಟರ್ನ್‌ಶಿಪ್ ಮುಗಿದ ಮೇಲೆ. ಆಗ ನಾನು ಮಾಡುವುದು ಮರಣೋತ್ತರ ಪರೀಕ್ಷೆ. ಡಾಕ್ಸ್‌ನಲ್ಲಾದರೆ ಬರೆದ ಸಂಜೆಯೇ ಪಕ್ಕದಲ್ಲಿ ಒಂದು ಪ್ರಶ್ನೆ ಕಟ್ಟಬಹುದು. 'ಮಕ್ಕಳು ಭಾಗವಹಿಸಿದರು' ಎಂದರೆ 'ಯಾವ ಮಗು?' ಎಂದು ಕೇಳಬಹುದು. ನಾಡಿ ಇನ್ನೂ ಬಡಿಯುತ್ತಿರುವಾಗ ಹಿಡಿದು ನೋಡಿದ ಹಾಗೆ.

ಮೊದಲ ವಾರವೇ ನಾಡಿ ತಪ್ಪಿತು. ಅರ್ಧ ಜನ ಸೈಬರ್ ಸೆಂಟರಿನಲ್ಲಿ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ ತಂದು ಅಂಟಿಸಿದ್ದರು. ಅದು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಏರ್ಪಾಡು. ಆ ಫಾಂಟ್ ಇಲ್ಲದ ಕಡೆ ಮುಖವಾಡ ಕಳಚಿಬೀಳುತ್ತದೆ. ಅದರಲ್ಲಿ 'ನ' ಅಕ್ಷರ ಕೂತಿರುವುದು ಬ್ರಿಟಿಷ್ ಪೌಂಡ್ ಚಿಹ್ನೆಯ ಮೇಲೆ. ಹಾಗಾಗಿ 'ನಾನು' ಎಂದು ಬರೆದ ಕಡೆಯಲ್ಲೆಲ್ಲ ಎರಡೆರಡು ಪೌಂಡ್. ಆತ್ಮಾವಲೋಕನ ಅಂದಮೇಲೆ 'ನಾನು'ಗಳಿಗೆ ಬರವೇ? ತೆರೆಯ ತುಂಬ ಪೌಂಡು. ಇಣುಕಿ ನೋಡಿದ ನನ್ನವಳು, "ಇಷ್ಟೊಂದು ವಿದೇಶಿ ವಿನಿಮಯ ಯಾರ ಖಾತೇಲಿದೆ?" ಎಂದು ವೃತ್ತಿಸಹಜವಾಗಿ ಗಾಬರಿಯಾದಳು.

ಅದಾದ ಮೇಲೆ ಮೊಬೈಲಿನಲ್ಲೇ ಬರೆಯಿರಿ, ಬೆರಳು ಓಡದಿದ್ದರೆ ಮಾತಾಡಿ, ಅದೇ ಬರೆದುಕೊಳ್ಳುತ್ತದೆ ಎಂದು ಹೇಳಿದೆ. 2017ರಿಂದ ಗೂಗಲ್ ಕೀಬೋರ್ಡಿಗೆ ಕನ್ನಡ ಕೇಳಿಸುತ್ತಿದೆ. ಒಬ್ಬ ಹುಡುಗ ಎದ್ದು ನಿಂತು, "ಸರ್, ಮಾದರಿಗೆ ನೀವೇ ಒಂದು ಬರೆದು ತೋರಿಸಿ ಸರ್" ಅಂದ. ಬಿ.ಎಡ್.ನಲ್ಲಿ ಮಾದರಿ ಪಾಠ ಕೊಡಲು ಒಲ್ಲೆ ಎನ್ನುವ ಹಾಗಿಲ್ಲ.

ಯಾವ ಅನುಭವದ ಬಗ್ಗೆ ಬರೆಯುವುದು? ನನ್ನ ಪಾಠದ ಬಗ್ಗೆ ನಾನೇ ಬರೆದರೆ ವಿದ್ಯಾರ್ಥಿಗಳಿಗೆ ಬೇರೆ ಅಭಿಪ್ರಾಯ ಇರಬಹುದು. ನಿರಪಾಯಕರವಾದದ್ದು ಇರಲಿ ಎಂದು ಭಾನುವಾರದ ತಿಂಡಿ ನಾನೇ ಮಾಡುತ್ತೇನೆಂದು ಘೋಷಿಸಿದೆ. ಉಪ್ಪಿಟ್ಟು. ಶೋನ್ ಹೇಳಿದ ಮೊದಲನೇ ಥರ, ಮಾಡುತ್ತಿರುವಾಗಲೇ ಯೋಚಿಸುವುದು. ಫೋನನ್ನು ಸಾಸಿವೆ ಡಬ್ಬಿಗೆ ಒರಗಿಸಿ, ಮೈಕಿನ ಗುರುತು ಒತ್ತಿ, ಸೌಟು ಹಿಡಿದು ಚಿಂತನೆ ಶುರುಮಾಡಿದೆ. ಅದು ಬರೆದುಕೊಂಡದ್ದನ್ನು ಇದ್ದಹಾಗೆ ಕೊಡುತ್ತೇನೆ:

'ಇಂದು ಬೆಳಿಗ್ಗೆ ಎಂಟು ಗಂಟೆಗೆ ನಾನು ಬನ್ಸಿ ರವೆಯನ್ನು ಹುರಿಯಲು ಆರಂಭಿಸಿದೆ ರವೆ ಹುರಿಯುವ ಪರಿಮಳ ನನ್ನನ್ನು ಬಾಲ್ಯಕ್ಕೆ ಸೊಪ್ಪೂ ಸೊಪ್ಪೂ ದಂಟು ಪಾಲಕ್ ಮೆಂತ್ಯ ಒಗ್ಗರಣೆ ಸಿಡಿದಾಗ ನನ್ನಲ್ಲಿ ಆತ್ಮವಿಶ್ವಾಸ ಮೂಡಿತು ಅಪ್ಪಾ ನನ್ನ ಚಾರ್ಜರ್ ಎಲ್ಲಿ ಒಂದು ಲೋಟ ರವೆಗೆ ಮೂರು ಲೋಟ ನೀರು ಎಂಬುದು ಪೂರ್ವಜ್ಞಾನ ನೀರು ಮರಳ್ತಿದೆ ನೋಡೋ ಉಪ್ಪು ಬಿತ್ತೇನೋ ಈ ಹಂತದಲ್ಲಿ ಕಲಿಕೆಯು ಸಂಪೂರ್ಣವಾಗಿ ಕ್ರಿಯಾತ್ಮಕವಾಗಿದ್ದು ಅಯ್ಯೋ ಅಯ್ಯೋ ಗಂಟು'

ತಿಂಡಿ ಹೊತ್ತಿಗೆ ಮಗಳು ಒಂದು ತುತ್ತು ಬಾಯಿಗಿಟ್ಟು ನೀರಿನ ಲೋಟಕ್ಕೆ ಕೈಹಾಕಿದಳು. ನನ್ನವಳು ಎದ್ದು ಹೋಗಿ ಎಲ್ಲರಿಗೂ ಮೊಸರು ತಂದಳು. ಅಮ್ಮ ಮಾತಾಡದೆ ತಟ್ಟೆ ಖಾಲಿ ಮಾಡಿದರು. ಅವರಿಗೆ ಬಿ.ಪಿ. ಇದೆ.

ಮಧ್ಯಾಹ್ನ ನಾನು ಕೂತು ಆ ಬರಹವನ್ನು ತಿದ್ದಿ ತೀಡಿದೆ. ಸೊಪ್ಪಿನವಳನ್ನು ತೆಗೆದೆ, ಚಾರ್ಜರ್ ತೆಗೆದೆ, ಅಮ್ಮನನ್ನು ತೆಗೆದೆ. ಆರು ಮೆಟ್ಟಿಲೂ ಏರಿಸಿ, ಕೊನೆಗೆ ಉಪ್ಪಿನ ಪ್ರಸ್ತಾಪವನ್ನು ಘನತೆಯಿಂದ ಮುಗಿಸಿದೆ: 'ಉಪ್ಪು ಸ್ವಲ್ಪ ಮುಂದಾಯಿತು.' ಲಿಂಕನ್ನು ವಾಟ್ಸಾಪಿನಲ್ಲಿ ತರಗತಿಯ ಗುಂಪಿಗೆ ಕಳಿಸಿದೆ. ಹೆಬ್ಬೆರಳಿನ ಮಹಿಮೆಯಿಂದ ಅದು 'ನಮ್ಮನೆ' ಗುಂಪಿಗೂ ಹೋಯಿತು. ಲಿಂಕ್ ಇರುವ ಯಾರು ಬೇಕಾದರೂ ತಿದ್ದಬಹುದು ಎಂಬ ಉದಾರ ಅನುಮತಿಯನ್ನೂ ನಾನೇ ಕೊಟ್ಟಿದ್ದೆನೆಂದು ಆಮೇಲೆ ತಿಳಿಯಿತು. "ಲಿಂಕ್ ಕಳಿಸೋಕ್ಕೆ ಮುಂಚೆ ನನ್ನ ಕೇಳು ಅಂತ ಎಷ್ಟು ಸಲ ಹೇಳಿದೀನಿ ಅಪ್ಪಾ" ಎಂದು ಮಗಳು ಈಗಲೂ ಹೇಳುತ್ತಿರುತ್ತಾಳೆ.

ಸೋಮವಾರ ತರಗತಿಯಲ್ಲಿ ಪ್ರೊಜೆಕ್ಟರ್ ಹಾಕಿ ನನ್ನ ಮಾದರಿ ದಿನಚರಿಯನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸಿದೆ. ಲಿಂಕ್ ಹಿಡಿದು ಒಳಬಂದವರನ್ನು ಗೂಗಲ್ ಹೆಸರು ಹೇಳದೆ ಒಂದೊಂದು ಪ್ರಾಣಿಯ ವೇಷದಲ್ಲಿ ತೋರಿಸುತ್ತದೆ, ಅನಾಮಧೇಯ ಒಂಟೆ, ಅನಾಮಧೇಯ ಕತ್ತೆಕಿರುಬ ಎಂದು. ಮೇಲ್ತುದಿಯಲ್ಲಿ ಮೃಗಾಲಯವೇ ನೆರೆದಿತ್ತು. ನಾನು 'ನೋಡಿ, ಎಷ್ಟು ಪ್ರಾಮಾಣಿಕವಾಗಿ ಬರೆದಿದ್ದೇನೆ' ಎನ್ನುವಾಗಲೇ ಒಂದು ಅನಾಮಧೇಯ ಎಮ್ಮೆಯ ಕರ್ಸರ್ ಸೀದಾ ಬಂದು 'ಉಪ್ಪು ಸ್ವಲ್ಪ ಮುಂದಾಯಿತು' ಎಂಬ ಸಾಲಿನ ಪಕ್ಕ ನಿಂತಿತು. ನಿಂತು ಟೈಪ್ ಮಾಡಿತು: 'ಎಷ್ಟು ಮುಂದೆ? ಗೇಟಿನ ತನಕವಾ?'

ತರಗತಿ ಘೊಳ್ಳೆಂದಿತು.

"ಯಾರ್ರೀ ಅದು ಎಮ್ಮೆ? ಎದ್ದು ನಿಲ್ಲಿ!" ಎಂದು ಗುಡುಗಿದೆ.

ಯಾರೂ ಏಳಲಿಲ್ಲ. ಎಮ್ಮೆ ಮಾತ್ರ ನಿಧಾನವಾಗಿ ಮೇಯುತ್ತಾ ಮುಂದಿನ ಸಾಲು ಬರೆಯಿತು: 'ಉಪ್ಪು ತಾನಾಗಿ ನಡ್ಕೊಂಡು ಹೋಗಿ ಬೀಳಲ್ಲ. ಹಾಕಿದ್ದು ಯಾರು? ವರ್ಷನ್ ಹಿಸ್ಟರಿ ತೆಗೆದು ತೋರಿಸಿ, ಮೊದಲು ಬರೆದದ್ದು ಬೇರೆ ಇದೆ.' ಸ್ವಲ್ಪ ಬಿಟ್ಟು, 'ಸಂಜೆ ಬರುವಾಗ ಕೊತ್ತಂಬರಿ ಸೊಪ್ಪು ತನ್ನಿ.'

ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವನಿಗೆ ಎಮ್ಮೆಯ ಗುರುತು ಹತ್ತಲು ಕೊತ್ತಂಬರಿ ಸೊಪ್ಪು ಸಾಕು.

"ಸರ್, ತೆಗೀರಿ ಸರ್, ತೆಗೀರಿ ಸರ್" ಎಂದು ಐವತ್ತು ಜನ ಉತ್ಸಾಹದಿಂದ ಭಾಗವಹಿಸಿದರು. ತೆಗೆದೆ. ಈ ವರ್ಷನ್ ಹಿಸ್ಟರಿ ಎಂಬುದು ಗೂಗಲ್ ಡಾಕ್ಸ್‌ನ ಚಿತ್ರಗುಪ್ತ. ಯಾವ ದಿನ, ಎಷ್ಟು ಹೊತ್ತಿಗೆ, ಏನು ಬರೆದೆವು, ಏನು ಅಳಿಸಿದೆವು, ಎಲ್ಲ ಅದರಲ್ಲಿ ಭದ್ರ. ಅಳಿಸಿದ ಮಾತಿನ ಮೇಲೊಂದು ಗೆರೆ ಎಳೆದು ತೋರಿಸುತ್ತದೆ. ಗೋಡೆಯ ಮೇಲೆ ಎರಡಡಿ ಎತ್ತರದ ಅಕ್ಷರದಲ್ಲಿ, ನಡುವೆ ಗೆರೆ ಹೊತ್ತುಕೊಂಡು, ನಾನು ಭಾನುವಾರ ಮಧ್ಯಾಹ್ನ ಮೊದಲು ಬರೆದಿದ್ದ ಸಾಲು ಮೂಡಿತು: 'ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗಲಿಲ್ಲ. ಕೇಳಲು ನಾಚಿಕೆ. ರುಚಿ ನೋಡದೆ ಇಳಿಸಿದೆ.'

ಒಂದು ಕ್ಷಣ ತರಗತಿ ಸುಮ್ಮನಾಯಿತು. ಆಮೇಲೆ ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ, "ಸರ್, ಇದೇ ಚೆನ್ನಾಗಿತ್ತಲ್ಲ ಸರ್" ಎಂದಳು.

ಸಂಜೆ ಕೊತ್ತಂಬರಿ ಸೊಪ್ಪಿನ ಸಮೇತ ಮನೆಗೆ ಬಂದೆ. ಆಡಿಟ್ ಶುರುವಾಯಿತು. ನನ್ನವಳು ಲ್ಯಾಪ್‌ಟಾಪಿನಲ್ಲಿ ನನ್ನ ದಿನಚರಿ ತೆರೆದು, ಹುಡುಕು ಎಂಬಲ್ಲಿ 'ಆಯಿತು'ವಿನ ಬಾಲವಾದ 'ಯಿತು' ಎಂದು ಕೊಟ್ಟಿದ್ದಳು. ಒಂದೂವರೆ ಪುಟದಲ್ಲಿ 17.

"ತಡವಾಯಿತು. ಗಂಟಾಯಿತು. ತಳ ಹತ್ತಿದಂತಾಯಿತು. ಮುಂದಾಯಿತು. ರೀ, ನಿಮ್ಮ ಅಡುಗೆಮನೇಲಿ ಎಲ್ಲಾ ತಾನಾಗೇ ಆಗತ್ತಾ? ನೀವು ಎಲ್ಲಿದ್ರಿ?"

ನಾನು ವ್ಯಾಕರಣದ ಮೊರೆ ಹೋದೆ. ಕನ್ನಡದ ಜಾಯಮಾನವೇ ಹಾಗೆ. ಹಾಲು ಉಕ್ಕಿತು ಎನ್ನುತ್ತೇವೆ, ಲೋಟ ಬಿತ್ತು ಎನ್ನುತ್ತೇವೆ, ಕರ್ತೃವನ್ನು ಮುಂದೆ ತಂದು ನಿಲ್ಲಿಸದಿರುವುದು ನಮ್ಮ ಭಾಷೆಯ ಸೌಜನ್ಯ.

"ಸೌಜನ್ಯ ಅಲ್ಲ, ಜಾಮೀನು," ಎಂದಳು. "ಇಪ್ಪತ್ತೆರಡು ವರ್ಷದಿಂದ ಯಾರ ಹತ್ರ ಹೇಳಿದ್ರೂ 'ನಂಗೆ ಮದುವೆ ಆಯ್ತು' ಅಂತೀರಿ. 'ಮಾಡ್ಕೊಂಡೆ' ಅಂತ ಒಂದು ದಿನ ಹೇಳಿದೀರಾ?"

ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ.

ವಿಚಾರಣೆ ಉಪ್ಪಿಗೆ ಬಂತು. ಎರಡು ಸಲ ಹಾಕದೆ ಅಷ್ಟು ಉಪ್ಪಾಗಲು ಸಾಧ್ಯವಿಲ್ಲ ಎಂದು ಲೆಕ್ಕಪರಿಶೋಧಕರು ಅಭಿಪ್ರಾಯಪಟ್ಟರು. ನಿಜ ಹೇಳಬೇಕೆಂದರೆ ಎರಡನೇ ಸಲ ಹಾಕಿದ ನೆನಪು ನನಗಿರಲಿಲ್ಲ. ಮೊದಲನೇ ಸಲದ್ದೇ ಇರಲಿಲ್ಲವಲ್ಲ. ಆದರೆ ಉಪ್ಪಿಟ್ಟು ಸಾಕ್ಷಿ ಹೇಳಿಯಾಗಿತ್ತು. ಅವಳ ಕಣ್ಣೆದುರಿಗೇ 'ಉಪ್ಪು ಸ್ವಲ್ಪ ಮುಂದಾಯಿತು' ಎಂಬುದನ್ನು ಹೊಡೆದುಹಾಕಿ, 'ನಾನು ಮೈಮರೆತು ಎರಡು ಸಲ ಉಪ್ಪು ಹಾಕಿದೆ' ಎಂದು ಬರೆದೆ. ಅವಳು ಅದಕ್ಕೆ ಹೆಬ್ಬೆಟ್ಟಿನ ಗುರುತು ಒತ್ತಿ ಕಡತ ಮುಚ್ಚಿದಳು. ಬರೆದ ಮೇಲೆ ಒಂದು ಥರ ಹಗುರವೆನಿಸಿದ್ದು ಸುಳ್ಳಲ್ಲ.

ಈ ಮರ್ಯಾದೆ ಕಳೆದುಕೊಂಡದ್ದಕ್ಕೆ ಕಾಲೇಜಿನಲ್ಲಿ ಬಡ್ಡಿ ಸಮೇತ ವಸೂಲಾಯಿತು. ಕ್ಷಮಿಸಿ, ವಸೂಲು ಮಾಡಿದೆ. ಗಿಬ್ಸ್‌ನ ಮೊದಲ ಮೆಟ್ಟಿಲನ್ನು ನಾನು ಕನ್ನಡ ಮಾಡಿದ್ದೇ ತಪ್ಪಿತ್ತು. 'ಏನಾಯಿತು?' ಎಂದು ಕೇಳಿದರೆ 'ಗದ್ದಲವಾಯಿತು', 'ಅವಧಿ ಮುಗಿದುಹೋಯಿತು' ಎಂದೇ ಉತ್ತರ ಬರುತ್ತದೆ. ಅದನ್ನು 'ನೀವು ಏನು ಮಾಡಿದಿರಿ?' ಎಂದು ಬದಲಿಸಿದೆ. ವಾರಕ್ಕೊಮ್ಮೆ ತಮ್ಮ ಬರಹದಲ್ಲಿ 'ಆಯಿತು' ಎಷ್ಟಿದೆ ಎಂದು ಹುಡುಕಿ, ಅದರಲ್ಲಿ ಎರಡನ್ನಾದರೂ 'ಮಾಡಿದೆ' ಮಾಡಲು ಹೇಳಿದೆ. ಎಲ್ಲವನ್ನೂ ಬೇಡ, ಮಳೆ ಬಂದದ್ದಕ್ಕೂ ಅವರೇ ಹೊಣೆ ಹೊರುವುದು ಬೇಡ. ನಾನು ಕೂಡ 'ಉತ್ತಮ', 'ನೋಡಿದೆ' ಬಿಟ್ಟು ಪ್ರಶ್ನೆ ಮಾತ್ರ ಹಾಕತೊಡಗಿದೆ. ದಿನಕ್ಕೆ ಒಂದೇ. ಎರಡು ಪ್ರಶ್ನೆ ಹಾಕಿದರೆ ಹುಡುಗರು ಸುಲಭದ್ದಕ್ಕೆ ಉತ್ತರ ಬರೆದು ಜಾರಿಕೊಳ್ಳುತ್ತಾರೆ, ಥೇಟ್ ನನ್ನ ಹಾಗೆ.

ಎಲ್ಲರೂ ಉದ್ಧಾರವಾದರೆಂದು ತಿಳಿಯಬೇಡಿ. ಒಬ್ಬನ ಕಡತದಲ್ಲಿ ರಾತ್ರಿ ಹನ್ನೊಂದೂಕಾಲಿಗೆ ನಾಲ್ಕು ಪುಟ ಒಂದೇ ಏಟಿಗೆ ಉದ್ಭವವಾಗಿತ್ತು. 'ಇದು ನನ್ನ ವೃತ್ತಿಪಯಣದಲ್ಲಿ ಒಂದು ಪರಿವರ್ತನಾತ್ಮಕ ಅನುಭವವಾಗಿತ್ತು' ಎಂದು ಶುರು. ಎ.ಐ. ಪ್ರಸಾದ. 'ಯಾವ ಮಗು?' ಎಂದು ಕೇಳಿದೆ. 'ಎಲ್ಲಾ ಮಕ್ಕಳೂ ಸರ್' ಎಂದು ಉತ್ತರಿಸಿದ. ಅದೊಂದು ಮಾತು ಅವನದೇ ಇರಬೇಕು.

ಒಬ್ಬಳು ಹುಡುಗಿ ಮಾತ್ರ ನನ್ನನ್ನು ಸರಿಯಾಗಿ ತಿದ್ದಿದಳು. ಅವಳ ದಿನಚರಿಯಲ್ಲಿ, ಕೊನೆಯ ಬೆಂಚಿನ ಹುಡುಗನೊಬ್ಬ ಪಾಠದ ಉದ್ದಕ್ಕೂ ಕಿಟಕಿ ನೋಡುತ್ತಿದ್ದ ಎಂದಿತ್ತು. ಅಷ್ಟೇ. ನನಗೆ ಚಿತ್ರಗುಪ್ತನ ಚಟ ಅಂಟಿಕೊಂಡಿತ್ತು, ಹಿಸ್ಟರಿ ತೆಗೆದೆ. ಗೆರೆ ಎಳೆದ ಒಂದು ಸಾಲು ಸಿಕ್ಕಿತು: 'ನೀವು ಪಾಠ ನೋಡಲು ಬಂದಿದ್ದಿರಿ ಅಂತ ಉತ್ತರ ಗೊತ್ತಿದ್ದವರನ್ನೇ ಎಬ್ಬಿಸಿದೆ. ಅವನನ್ನು ಎಬ್ಬಿಸಲಿಲ್ಲ.' ಇಡೀ ವರ್ಷದಲ್ಲಿ ನಾನು ಓದಿದ ಅತ್ಯಂತ ಒಳ್ಳೆಯ ಸಾಲು. ಹಿಗ್ಗಿ, 'ಇದನ್ನೇಕೆ ಅಳಿಸಿದೆ? ಇದೇ ನಿಜವಾದ ಪ್ರತಿಫಲನ!' ಎಂದು ಕಾಮೆಂಟ್ ಹಾಕಿದೆ.

ಮಾರನೇ ದಿನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. "ಸರ್, ಅದು ಅಳಿಸಿದ್ದೆ ಸರ್," ಎಂದಳು. ಅಷ್ಟೇ ಅಂದದ್ದು. ಕಣ್ಣು ಕೆಳಗಿತ್ತು.

ಗೋಡೆಯ ಮೇಲೆ ಎರಡಡಿ ಎತ್ತರದ ಅಕ್ಷರದಲ್ಲಿ ನಿಂತಾಗ ನನಗೇನನ್ನಿಸಿತ್ತು ಎಂದು ನೆನಪಾಯಿತು. ನನ್ನನ್ನಾದರೂ ಹಿಡಿದುಕೊಟ್ಟವಳು ನನ್ನ ಹೆಂಡತಿ, ಜಗಳವಾಡಲು ನನಗೆ ಹಕ್ಕಿತ್ತು. ಈ ಹುಡುಗಿಗೆ ಅಂಕ ಕೊಡುವವನೂ ನಾನೇ, ಕದ್ದು ನೋಡಿದವನೂ ನಾನೇ. ಆ ದಿನವೇ ತರಗತಿಯಲ್ಲಿ ಹೇಳಿದೆ: ಇನ್ನು ಯಾರ ಹಿಸ್ಟರಿಯನ್ನೂ ತೆಗೆಯುವುದಿಲ್ಲ. ನನ್ನ ಮಾತಿನ ಮೇಲೆ ನಂಬಿಕೆಯಿಲ್ಲದಿದ್ದರೆ, ಬರೆದು ಮುಗಿಸಿದ್ದನ್ನು 'ಮೇಕ್ ಎ ಕಾಪಿ' ಎಂದು ಒತ್ತಿ ಹೊಸ ಪ್ರತಿ ಮಾಡಿ ಅದನ್ನೇ ಕಳಿಸಿ. ಹಳೆಯ ಚರಿತ್ರೆ ಹೊಸ ಪ್ರತಿಗೆ ಬರುವುದಿಲ್ಲ. ಐವತ್ತರಲ್ಲಿ ನಲವತ್ತೆಂಟು ಜನ ಹೊಸ ಪ್ರತಿಯನ್ನೇ ಕಳಿಸಿದರು. ನಂಬಿಕೆಯ ವಿಷಯದಲ್ಲಿ ನನ್ನ ಅಂಕ ಅಲ್ಲಿಗೆ ಗೊತ್ತಾಯಿತು.

ತಿಂಗಳ ಕೊನೆಗೆ ಹಾಲಿನವನ ಲೆಕ್ಕ ಮುಗಿಸಲು ಅಮ್ಮನ ಕ್ಯಾಲೆಂಡರ್ ಮುಂದೆ ನಿಂತೆ. ಅಮ್ಮ ದೇವಸ್ಥಾನಕ್ಕೆ ಹೋಗಿದ್ದರು. 'ಹಾಲು ಒಂದು ಹೆಚ್ಚು' ಎಲ್ಲೆಲ್ಲಿದೆ ಎಂದು ಬೆರಳಿಟ್ಟು ಎಣಿಸುತ್ತಾ ಬಂದವನಿಗೆ ಒಂದು ಭಾನುವಾರದ ಚೌಕ ಒರಟೊರಟಾಗಿ ಕಂಡಿತು. ಏನೋ ಬರೆದು ರಬ್ಬರಿನಿಂದ ಉಜ್ಜಿದ ಗುರುತು. ಅಮ್ಮ ಪೆನ್ಸಿಲನ್ನು ಒತ್ತಿ ಬರೆಯುತ್ತಾರೆ. ಸೀಸ ಹೋದರೂ ಅಕ್ಷರದ ಗುಳಿ ಕಾಗದದಲ್ಲಿ ಉಳಿದಿತ್ತು. ಕಿಟಕಿಯ ಬೆಳಕು ಓರೆಯಾಗಿ ಬೀಳುತ್ತಿತ್ತು. ಮಾತು ಕೊಟ್ಟದ್ದು ವಿದ್ಯಾರ್ಥಿಗಳಿಗೆ, ಕ್ಯಾಲೆಂಡರಿಗಲ್ಲ ಎಂದು ಸಮಾಧಾನ ಹೇಳಿಕೊಂಡು ಬಗ್ಗಿದೆ.

'ಉಪ್ಪಿಟ್ಟಿಗೆ ನಾನೂ ಉಪ್ಪು ಹಾಕಿದೆ. ಹೇಳಲಿಲ್ಲ.'

ಆರು ಮೆಟ್ಟಿಲಿರಲಿಲ್ಲ. 'ಆಯಿತು' ಒಂದೂ ಇರಲಿಲ್ಲ.

ಗೇಟಿನ ಚಿಲಕದ ಸದ್ದಾಯಿತು. ಅಮ್ಮ ಕುಂಕುಮ ಹಿಡಿದು ಒಳಬಂದು, "ಲೆಕ್ಕ ಸಿಕ್ತೇನೋ?" ಎಂದರು.

"ಸಿಕ್ತಮ್ಮ," ಎಂದೆ. "ನಾಲ್ಕು ಲೀಟರ್ ಹೆಚ್ಚು."

ಪೆನ್ಸಿಲ್ ದಾರದಲ್ಲಿ ತೂಗಾಡುತ್ತಿತ್ತು. ಆ ಕಡತಕ್ಕೆ ನನಗಿದ್ದದ್ದು ನೋಡುವ ಅನುಮತಿ ಮಾತ್ರ. ಹಾಳೆ ಮಗುಚಿದೆ.